ಬದುಕಿದ್ದ ಪೈಲವಾನನಿಗೆ ಹಾಕಿದ ಹಾರ

ನನ್ನ ತಮ್ಮ ಅಮಾತೆಪ್ಪ ಹುಟ್ಟಿದ್ದು ಇಳಕಲ್ಲಿನ ನೇಕಾರರ ಓಣಿಯಲ್ಲಿ, ಮಗ್ಗದ ಸದ್ದಿನ ನಡುವೆ. ಆದರೆ ಅವನಿಗೆ ಮಗ್ಗ ಒಲಿಯಲಿಲ್ಲ. ಇದನ್ನು ನಾನು ಹಿಂದಿನಿಂದ ಆಡಿಕೊಳ್ಳುತ್ತಿಲ್ಲ, ಅವನ ಎದುರಿಗೇ ನೂರು ಸಲ ಅಂದಿದ್ದೇನೆ. ನಮ್ಮ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಅವನು ಕೂಡಿಸಿದ ಒಂದು ಸೀರೆ ಹುನಗುಂದದ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲೇ, ಕೊಂಡಿ ಬಿಟ್ಟಿತು. ಉಟ್ಟಾಕೆ ಮಾರನೇ ದಿನ ಒಂದು ಕೈಯಲ್ಲಿ ಸೀರೆ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ನಮ್ಮ ಮನೆಯ ಬಾಗಿಲಿಗೆ ಬಂದಳು. ಅಪ್ಪ ಅವತ್ತು ಉಣ್ಣಲಿಲ್ಲ.

ಅಮಾತೆಪ್ಪನಿಗೆ ಆಟವೆಂದರೆ ಜೀವ. ಆಡಲು ಮಾತ್ರ ಬರುತ್ತಿರಲಿಲ್ಲ. ಕಬಡ್ಡಿ ಆಡುವ ಹುಡುಗರು ತಮ್ಮ ಅಂಗಿ, ಚಪ್ಪಲಿ ಕಾಯಲು ಅವನನ್ನು ಕೂಡಿಸುತ್ತಿದ್ದರು. ಅವನು ಅಲ್ಲಿ ಕೂತು ಯಾರು ಯಾರನ್ನು ಮುಟ್ಟಿದರು, ಯಾರು ಉಸಿರು ಬಿಟ್ಟರು, ಯಾರ ಕಾಲು ಗೆರೆ ದಾಟಿತು ಎಲ್ಲವನ್ನೂ ಬಾಯಿಪಾಠ ಮಾಡುತ್ತಿದ್ದ. ನಿನ್ನೆ ಏನುಂಡೆ ಎಂದು ಕೇಳಿದರೆ ಹೇಳಲಾರ. ಆರು ವರ್ಷದ ಹಿಂದೆ ಕೆರೂರಿನ ಕುಸ್ತಿಯಲ್ಲಿ ಯಾರು ಯಾರನ್ನು ಯಾವ ಪಟ್ಟಿನಿಂದ ಚಿತ್ ಮಾಡಿದರು ಎಂದು ಕೇಳಿ, ತಾಸುಗಟ್ಟಲೆ ಹೇಳುತ್ತಿದ್ದ. ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರು. ಇಂಥ ನೆನಪಿನ ಶಕ್ತಿ ಮಗ್ಗಿಯಲ್ಲಿ ಇದ್ದಿದ್ದರೆ ಇವನು ಎಲ್ಲಿರುತ್ತಿದ್ದ ಎಂದು ಎಷ್ಟೋ ಸಲ ಹಲ್ಲು ಕಡಿದಿದ್ದೇನೆ.

ಮಗ್ಗದಿಂದ ತಪ್ಪಿಸಿಕೊಂಡು ಬಾಗಲಕೋಟೆಗೆ ಹೋಗಿ, ಚಾಂದಸಾಬ ಎಂಬುವರ ಫೋಟೋ ಸ್ಟುಡಿಯೋದಲ್ಲಿ ಮೂರು ವರ್ಷ ಕೆಲಸ ಮಾಡಿದ. ಎಂಬತ್ಮೂರರಲ್ಲಿ ನಮ್ಮವರು ವಿಶ್ವಕಪ್ ಗೆದ್ದರಲ್ಲ, ಆವಾಗ ಎಲ್ಲ ಹುಡುಗರಿಗೂ ಕ್ರಿಕೆಟಿನ ಹುಚ್ಚು ಹತ್ತಿತು. ಚೂಯಿಂಗ್ ಗಮ್ ಪಾಕೀಟಿನಲ್ಲಿ ಆಟಗಾರರ ಚಿತ್ರದ ಕಾರ್ಡು ಬರುತ್ತಿತ್ತು. ಹುಡುಗರು ಗಮ್ ಉಗುಳಿ ಕಾರ್ಡು ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಅದನ್ನು ನೋಡಿ ನನ್ನ ತಮ್ಮನ ತಲೆಯಲ್ಲಿ ಹುಳ ಹೊಕ್ಕಿತು. ಹುಬ್ಬಳ್ಳಿಯಿಂದ ಕ್ರಿಕೆಟಿನ ಕಾರ್ಡು ತರುವುದು. ಅದರ ಜೊತೆಗೆ ನಮ್ಮ ಕಡೆಯ ಕಬಡ್ಡಿ, ಖೋ ಖೋ, ಕುಸ್ತಿಯವರ ಫೋಟೋ ತೆಗೆದು, ಚಾಂದಸಾಬರಲ್ಲಿ ಅಂಗೈಯಗಲ ಪ್ರತಿ ಮಾಡಿಸಿ, ದಪ್ಪ ಹಾಳೆಗೆ ಅಂಟಿಸಿ, ಹಿಂದೆ ಅವರ ಊರು, ಗುರು, ತೂಕ, ಗೆದ್ದದ್ದು, ಸೋತದ್ದು ಬರೆದು ಮಾರುವುದು. ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು, ನನ್ನ ಅಕ್ಷರ ಮುತ್ತಿನಂತೆ ಇದೆಯಂತೆ.

ಅಪ್ಪನಿಗೆ ಹೇಳಿದಾಗ ಅಪ್ಪ ಲಾಳಿ ನಿಲ್ಲಿಸಲೂ ಇಲ್ಲ.

"ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟನಂತ. ಫೋಟೋ ತಿಂತಾರೇನಲೇ ಜನ?"

"ತಿನ್ನೂದಿಲ್ಲಪ್ಪಾ, ಕೂಡಿಸಿ ಇಡ್ತಾರ."

"ನೀ ಸೆರಗ ಕೂಡಿಸಿದ್ದು ನೋಡೇನಿ, ಸಾಕು. ಕೇಳು. ಬನ್ನಿ ಹಬ್ಬದ ತನಕ ನೋಡ್ತೇನಿ. ಅಷ್ಟರಾಗ ಅಂಗಡಿ ನಿಂತರ ನಿಲ್ಲಲಿ. ಇಲ್ಲಂದ್ರ ಬನ್ನಿ ಮರುದಿನ ಬಂದು ಮಗ್ಗದ ಕುಣ್ಯಾಗ ಇಳೀಬೇಕು. ಆಮ್ಯಾಲೆ ಅಂಗಡಿ ಮಾತು ನಿನ್ನ ಬಾಯಾಗ ಬರಬಾರದು."

ಅಮಾತೆಪ್ಪ ಹೂಂ ಅಂದ. ಅವನಿಗೆ ಆಗ ಇಪ್ಪತ್ತೊಂಬತ್ತು. ಮಗ್ಗ ಕೀಳೆಂದು ನಾನು ಅನ್ನುವುದಿಲ್ಲ, ನಮ್ಮನ್ನು ಸಾಕಿದ್ದೇ ಅದು. ಆದರೆ ಕಾಲು ಇಳಿಬಿಟ್ಟು ನೇಯುವ ಆ ಕುಣಿಯಲ್ಲಿ ಇಳಿದರೆ ನನ್ನ ತಮ್ಮ ಮತ್ತೆ ಮೇಲೆ ಬರುವವನಲ್ಲ ಎಂದು ನನಗೆ ಗೊತ್ತಿತ್ತು.

ಅಂಗಡಿ ತೆರೆಯುವುದೆಂದರೆ ಸುಮ್ಮನೆ ಆಯಿತೇ! ಬಜಾರಿನಲ್ಲಿ ಯಾರೂ ಖೋಲಿ ಬಾಡಿಗೆ ಕೊಡಲಿಲ್ಲ. "ಆಟದ ಕಾರ್ಡು ಅಂದ್ರ ಇಸ್ಪೀಟ ಅಲ್ಲೇನು? ನಾಳೆ ಪೊಲೀಸ್ರು ಬಂದ್ರ ನಮ್ಮ ಮರ್ಯಾದಿ ಏನಾಗಬೇಕು?" ಎಂದರು. ಲೈಸೆನ್ಸು ಬರೆಯುವ ಗುಮಾಸ್ತನಂತೂ, "ರೇಷನ್ ಕಾರ್ಡೋ, ಲಗ್ನದ ಕಾರ್ಡೋ? ಮೂರನೇದ್ದು ನಮ್ಮ ಪಟ್ಟ್ಯಾಗ ಇಲ್ಲ" ಎಂದು ನಾಲ್ಕು ಸಲ ತಿರುಗಾಡಿಸಿ, ಕೊನೆಗೆ "ಕಾಗದ ಮತ್ತು ಇತರೆ" ಎಂದು ಬರೆದುಕೊಟ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ. ಕಡೆಗೆ ನಾನೇ ಬಸ್ಸಿನ ರಸ್ತೆಯ ಮೇಲಿರುವ ನಮ್ಮ ಮನೆಯ ಮುಂದಿನ ಖೋಲಿ ಬಿಟ್ಟುಕೊಟ್ಟೆ. ನನ್ನ ಗಂಡ ಹೂಂ ಅಂದರು. ಅವರು ಎಲ್ಲದಕ್ಕೂ ಹೂಂ ಅನ್ನುವವರು.

ಶ್ರಾವಣದ ಒಂದು ರವಿವಾರ ಮುಂಜಾನೆ ಅಂಗಡಿಯ ಪೂಜೆ. ಗೋಡೆಯ ತುಂಬ ಕಾರ್ಡು ಸಾಲಾಗಿ ಸಿಗಿಸಿದ್ದ. ನಟ್ಟನಡುವೆ ಕಟ್ಟು ಹಾಕಿಸಿದ ದೊಡ್ಡ ಫೋಟೋ ಒಂದಿತ್ತು: ಅಮೀನಗಡದ ದುರ್ಗಪ್ಪ ಪೈಲವಾನ, ಹೆಗಲ ಮೇಲೆ ಗದೆ ಹೊತ್ತು ನಿಂತದ್ದು. ಸುತ್ತ ಹತ್ತೂರಿನಲ್ಲಿ ದುರ್ಗಪ್ಪನ ಹೆಸರು ಗೊತ್ತಿಲ್ಲದ ಹುಡುಗನಿರಲಿಲ್ಲ. ಆ ಒಂದು ಫೋಟೋದ ಮೇಲೆಯೇ ಅಂಗಡಿಯ ಇಡೀ ಭಾರ ಇತ್ತು ಅನ್ನಿ.

ಪೂಜೆ ಮಾಡಲು ನಮ್ಮ ಓಣಿಯ ಬಸಯ್ಯನವರು ಬಂದಿದ್ದರು. ವಿಭೂತಿ ಹಚ್ಚುವುದರಲ್ಲಿ ಅವರದು ಧಾರಾಳ ಕೈ. ಬಾಗಿಲಿಗೆ ಹಚ್ಚಿದರು, ಬೀಗಕ್ಕೆ ಹಚ್ಚಿದರು, ಕುರ್ಚಿಗೆ ಹಚ್ಚಿದರು, ಹಾಗೇ ಪೈಲವಾನನ ಹಣೆಗೂ ಮೂರು ಬೆರಳು ಎಳೆದರು. ಕಾಯಿ ಒಡೆದ ಮೇಲೆ ನೋಡಿದರೆ ಒಂದು ಸೇವಂತಿಗೆ ಹಾರ ಉಳಿದಿತ್ತು.

"ಇದೊಂದು ಉಳೀತಲ್ಲವಾ ಗುರುಲಿಂಗವ್ವಾ, ಏನ ಮಾಡೂಣು?"

"ಪೈಲವಾನರಿಗೆ ಹಾಕ್ರಿ ಅಯ್ಯಾರ. ಚಂದ ಕಾಣ್ತೈತಿ," ಅಂದು ನಾನೇ ಹಾರ ಎತ್ತಿ ಅವರ ಕೈಗೆ ಕೊಟ್ಟೆ. ಫೋಟೋದ ಮುಂದೆ ಎರಡು ಊದಿನಕಡ್ಡಿ ಸಿಗಿಸಿದವಳೂ ನಾನೇ.

ಗೆದ್ದವನಿಗೆ ಕಣದಲ್ಲಿ ಹಾರ ಹಾಕುವುದಿಲ್ಲವೇ? ನನ್ನ ತಲೆಯಲ್ಲಿದ್ದದ್ದು ಅದು. ಮನುಷ್ಯನ ಕೊರಳಿಗೆ ಬಿದ್ದ ಹಾರ ಬೇರೆ, ಫೋಟೋದ ಕಟ್ಟಿಗೆ ಬಿದ್ದ ಹಾರ ಬೇರೆ ಎಂಬುದು ಹತ್ತು ವರ್ಷದ ಕೂಸಿಗೂ ಗೊತ್ತು. ಅವತ್ತು ನನಗೆ ಹೊಳೆಯಲಿಲ್ಲ. ಅಲ್ಲಿ ನಿಂತಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ರಾಜಮಹ್ಮದನಿಗೆ. ಇವನು ಬಾಗಲಕೋಟೆಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್, ದುರ್ಗಪ್ಪನೆಂದರೆ ಪ್ರಾಣ ಬಿಡುವವನು. ಬಸ್ಸು ನಮ್ಮ ಮನೆಯ ಮುಂದೆ ನಿಧಾನವಾದಾಗ ಬಾಗಿಲಲ್ಲಿ ಜೋತುಬಿದ್ದು ಒಳಗೆ ನೋಡಿದ್ದಾನೆ. ಪೈಲವಾನನ ಫೋಟೋ, ಹಣೆಗೆ ವಿಭೂತಿ, ಹಾರ, ಊದಿನಕಡ್ಡಿಯ ಹೊಗೆ, ಎದುರಿಗೆ ಕೈಮುಗಿದು ನಿಂತ ಅಯ್ಯನವರು. ಇನ್ನೇನು ಬೇಕು? ತಲೆಯ ಮೇಲೆ ಕೈ ಹೊತ್ತುಕೊಂಡ. ಹುನಗುಂದದ ಚಹಾದಂಗಡಿಯಲ್ಲಿ ಹೇಳಿದ. ಅಮೀನಗಡದಲ್ಲಿ ಕರದಂಟಿನ ಅಂಗಡಿ ಅಂಗಡಿಗೂ ಇಳಿದು ಹೇಳಿದ. ಬಸ್ಸು ಅಲ್ಲಿಂದ ಬಿಡುವುದರೊಳಗೆ ದುರ್ಗಪ್ಪ ಸತ್ತುಹೋಗಿದ್ದ. ಅವನು ತಾಲೀಮಿಗೆಂದು ಬದಾಮಿಯ ಗರಡಿಗೆ ಹೋಗಿ ಹದಿನೈದು ದಿನವಾಗಿತ್ತು, ಇದ್ದಾನೆಂದು ತೋರಿಸಲು ಮನೆಯಲ್ಲಿ ಅವನಿರಲಿಲ್ಲ.

ಹನ್ನೊಂದೂವರೆಗೆ ದುರ್ಗಪ್ಪನ ತಾಯಿ ಚಂದವ್ವ ಎಂಟು ಮಂದಿ ಹೆಂಗಸರ ಜೊತೆ ನಮ್ಮ ಮನೆಯ ಮುಂದೆ ಬಸ್ಸಿನಿಂದ ಇಳಿದಳು. ಎದೆ ಎದೆ ಬಡಿದುಕೊಳ್ಳುತ್ತಿದ್ದಳು. ಆ ಫೋಟೋ ನೋಡಿದ್ದೇ ಅಂಗಡಿಯ ಕಟ್ಟೆಯ ಮೇಲೆ ಕುಸಿದಳು.

"ಎಲ್ಲಿ ಮಲಗಿಸೀರಿ ನನ್ನ ಮಗನ್ನ? ಒಮ್ಮೆ ಮಾರಿ ತೋರಸ್ರಿ ಯಪ್ಪಾ!"

ಅಮಾತೆಪ್ಪ ಓಡಿಬಂದು ಅವಳ ಕಾಲು ಹಿಡಿದ. "ಯವ್ವಾ, ನಿನ ಮಗ ಜೀವಂತ ಅದಾನು. ಬದಾಮ್ಯಾಗ ಅದಾನು. ಖರೇನ ಹೇಳ್ತೇನಿ."

"ಎಲ್ಲಾರೂ ಹಂಗ ಹೇಳ್ತಾರೋ ತಮ್ಮಾ! ನನ ಗಂಡ ಹೋದಾಗೂ ದವಾಖಾನ್ಯಾಗ ಆರಾಮ ಅದಾನಂತ ಹೇಳೇ ನನ್ನ ಕರಕೊಂಡ ಹೋಗಿದ್ರು!"

ಹೆಂಗಸರು ಮತ್ತೆ ಅಳಲು ಸುರುಮಾಡಿದರು. ಅಷ್ಟೊತ್ತಿಗೆ ಓಣಿಗೆ ಓಣಿಯೇ ನೆರೆದಿತ್ತು. ಬಸಯ್ಯನವರು ಮೆಲ್ಲಗೆ ಹಿತ್ತಲ ಬಾಗಿಲಿನಿಂದ ಹೋಗಿಬಿಟ್ಟಿದ್ದರು. ಗುಂಪಿನಲ್ಲಿ ಯಾರೋ, "ಬದುಕಿದ್ದವಗ ಹಾರ ಹಾಕಿದ ಪುಣ್ಯಾತ್ಮ ಯಾವ?" ಎಂದು ಕೂಗಿದರು.

ನಾನು ಒಳಬಾಗಿಲಲ್ಲಿ ನಿಂತಿದ್ದೆ. ಸಾಲೆಯಲ್ಲಿ, ತಪ್ಪು ಮಾಡಿದವರು ಎದ್ದು ನಿಂತು ಹೇಳಬೇಕು ಎಂದು ದಿನಾ ಮಕ್ಕಳಿಗೆ ಬಡಿದು ಕಲಿಸುವವಳು ನಾನು. ನನ್ನ ನಾಲಿಗೆ ಏಳಲಿಲ್ಲ.

"ನಾನ ಹಾಕೇನಿ," ಅಂದ ಅಮಾತೆಪ್ಪ. ಯಾರೋ ಅವನ ಬೆನ್ನಿಗೆ ಗುದ್ದಿದರು. ಅವನು ಸುಮ್ಮನೆ ಹಾರ ತೆಗೆದು, ಚಪ್ಪಲಿ ಮೆಟ್ಟಿ, ಸಿಕ್ಕ ಬಸ್ಸು ಹತ್ತಿ ಬದಾಮಿಗೆ ಹೋದ. ಮಗನನ್ನು ಕಣ್ಣಿಂದ ಕಾಣದೆ ಚಂದವ್ವ ನಂಬುವ ಹಾಗಿರಲಿಲ್ಲ.

ಅವರು ಬರುವವರೆಗೂ ಚಂದವ್ವ ಕಟ್ಟೆ ಬಿಟ್ಟು ಏಳಲಿಲ್ಲ, ಒಂದು ಗುಟುಕು ನೀರೂ ಮುಟ್ಟಲಿಲ್ಲ. ದೀಪ ಹಚ್ಚುವ ಹೊತ್ತಿಗೆ ದುರ್ಗಪ್ಪ ಬಂದ. ಮೈಗೆ ಹತ್ತಿದ ಗರಡಿಯ ಕೆಂಪು ಮಣ್ಣನ್ನೂ ತೊಳೆದಿರಲಿಲ್ಲ. ಚಂದವ್ವ ಎದ್ದು ಅವನ ಮಾರಿ ಮುಟ್ಟಿದಳು, ತೋಳು ಚಿವುಟಿದಳು, ಆಮೇಲೆ ಫಟಾರನೆ ಎರಡು ಕೆನ್ನೆಗೂ ಬಾರಿಸಿದಳು. "ಹಾದಿ ಬೀದ್ಯಾಗ ಫೋಟೋ ಯಾಕ ತಗಸ್ಕೊಂಡ್ಯೋ ಭಾಡ್ಯಾ!" ಎಂದು ಅವನ ಎದೆಗೆ ಬಿದ್ದು ಅತ್ತಳು. ಅಷ್ಟು ದೊಡ್ಡ ಆಳು ಕೈಕಟ್ಟಿ ನಿಂತೇ ಇದ್ದ.

ಹೋಗುವಾಗ ಮಾತ್ರ ಆ ಫೋಟೋವನ್ನೂ ತನ್ನ ಕಾರ್ಡಿನ ಕಟ್ಟನ್ನೂ ಬಗಲಲ್ಲಿ ಇಟ್ಟುಕೊಂಡ. "ಇನ್ನ ನನ್ನ ಮಾರಿ ಈ ಅಂಗಡ್ಯಾಗ ಕಾಣಬಾರದು," ಎಂದು ಅಮಾತೆಪ್ಪನಿಗೆ ಹೇಳಿದ. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಮುಂದೆ ಆರು ವಾರ ನಮ್ಮ ಅಂಗಡಿಯ ಕಡೆ ಒಂದು ನಾಯಿಯೂ ಬರಲಿಲ್ಲ. ಆ ಗೋಡೆಗೆ ಯಾರ ಫೋಟೋ ಏರುತ್ತದೋ ಅವರಿಗೆ ಕೇಡು ಎಂದು ಸುದ್ದಿ ಹಬ್ಬಿತು. ಕೆರೂರಿನ ಕಬಡ್ಡಿ ಹುಡುಗರು ತಮ್ಮ ಕಾರ್ಡು ತೆಗೆಯಿರೆಂದು ಹೇಳಿಕಳಿಸಿದರು. ತಾಯಂದಿರು ಮಕ್ಕಳನ್ನು ರಸ್ತೆಯ ಆ ಬದಿಯಿಂದ ಕರೆದುಕೊಂಡು ಹೋಗುತ್ತಿದ್ದರು. ಒಬ್ಬ ಹುಡುಗ ಧೈರ್ಯ ಮಾಡಿ ಬಂದು ಕ್ರಿಕೆಟಿನ ಕಾರ್ಡು ತೋರಿಸಿ, "ಇವರೊಳಗ ಸತ್ತವರು ಎಷ್ಟು ಮಂದಿರೀ?" ಎಂದು ಕೇಳಿದ. ನನಗೆ ನಗು ಬಂತು, ಅಮಾತೆಪ್ಪನಿಗೆ ಬರಲಿಲ್ಲ. ಅಪ್ಪ ದಿನಾ ಸಂಜೆ ನಮ್ಮ ಮನೆಯ ಮುಂದೆ ಹಾದುಹೋಗುತ್ತಿದ್ದ, ಅಂಗಡಿಯ ಕಡೆ ಕತ್ತು ತಿರುಗಿಸುತ್ತಿರಲಿಲ್ಲ. ಅತ್ತ ಮಗನಿಗೆಂದು ಮಗ್ಗದ ಎರಡನೇ ಕುಣಿಯನ್ನು ಸಾರಿಸಿ ಇಟ್ಟಿದ್ದಾನೆಂದು ನನಗೆ ಗೊತ್ತಾಯಿತು. ತಮ್ಮನಿಗೆ ಹೇಳಲಿಲ್ಲ.

ನವರಾತ್ರಿ ಕೂಡುವ ಮೊದಲು ಹುನಗುಂದದಲ್ಲಿ ದುರ್ಗಪ್ಪನ ಕುಸ್ತಿ ನಿಗದಿಯಾಗಿತ್ತು. ಜನ ಬೆರಳು ಮಡಿಚಿ ಕಾಯುತ್ತಿದ್ದರು. ಹಾರ ಬಿದ್ದ ಮನುಷ್ಯ, ಕಣದಲ್ಲಿ ಕುತ್ತಿಗೆ ಮುರಿಯದಿದ್ದರೆ ಕೇಳಿ ಎಂದು ಚಹಾದಂಗಡಿಯಲ್ಲಿ ಮಾತು. ಅವನಿಗೆ ಒಂದು ಗೀರು ಬಿದ್ದರೂ ಸಾಕಿತ್ತು, ನನ್ನ ತಮ್ಮನ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಕುಸ್ತಿಯ ದಿನ ಅಮಾತೆಪ್ಪ ಅಂಗಡಿಯಲ್ಲೇ ಕೂತ. ಕುಸ್ತಿ ನೋಡದೆ ಅವನು ಮನೆಯಲ್ಲಿ ಉಳಿದದ್ದು ಹುಟ್ಟಿದ ಮೇಲೆ ಅದೇ ಮೊದಲು. ನಾನು ರೊಟ್ಟಿ ಬಡಿಯುವುದು ಬಿಟ್ಟು ಹೊರಗೆ ಬಂದು ಬಂದು ರಸ್ತೆ ನೋಡುತ್ತಿದ್ದೆ. ಹೊತ್ತು ಮುಳುಗುವಾಗ ಹುನಗುಂದದ ಕಡೆಯಿಂದ ಬಸ್ಸು ಬಂತು. ರಾಜಮಹ್ಮದ ಬಾಗಿಲಲ್ಲೇ ಜೋತುಬಿದ್ದಿದ್ದ.

"ಸಮಾ ಆತ್ರೀ ಅಕ್ಕೋರ! ಅರ್ಧ ತಾಸು ಹಿಡದ್ರು, ಇಬ್ಬರೂ ಬೀಳಲಿಲ್ಲ! ಮೈಮ್ಯಾಲೆ ಒಂದು ಗೀರಿಲ್ಲ ಮನಶ್ಯಾಗ!"

ತನ್ನ ಬಾಯಿಂದಲೇ ಅಂಗಡಿ ಕೆಟ್ಟದ್ದು ಅವನಿಗೆ ನೆನಪಿದ್ದಂತೆ ಕಾಣಲಿಲ್ಲ. ಅವನನ್ನು ಕೆಳಗಿಳಿಸಿ ಕಿವಿ ಹಿಂಡಬೇಕು ಅನ್ನಿಸಿತು, ಜೊತೆಗೆ ಕೈಮುಗಿಯಬೇಕು ಅಂತಲೂ ಅನ್ನಿಸಿತು.

ಮಾರನೇ ದಿನ ಮುಂಜಾನೆ ಚಂದವ್ವ ಬಂದಳು. ಈ ಸಲ ಜೊತೆಗೆ ಮಗನಿದ್ದ. ಅಮಾತೆಪ್ಪ ಎದ್ದು ನಿಂತ, ಮತ್ತೇನು ಗ್ರಹಚಾರವೋ ಎಂದು ನಾನೂ ಹೊರಗೆ ಬಂದೆ. ಚಂದವ್ವ ಕಟ್ಟೆಯ ಮೇಲೆ ಕೂತು, ಬಜಾರಿಗೆಲ್ಲ ಕೇಳುವ ಹಾಗೆ ದನಿ ಎತ್ತಿದಳು.

"ಕೇಳ್ರಿ ಎಲ್ಲಾರೂ! ಈ ನನ್ನ ಮಗನ ತಲಿಗೆ ಬದಾಮ್ಯಾಗ ಕಾಗಿ ಬಡದಿತ್ತಂತ. ಆ ಹಾರ ಹಾಕಿದ್ರಲ್ಲ, ಅದರ ಮೂರ ದಿನಾ ಮೊದಲ. ಪೈಲವಾನ ನೋಡ್ರಿ, ಅಂಜಿದ್ದು ಯಾರಿಗೂ ಹೇಳಾಂವ ಅಲ್ಲ! ನಿನ್ನೆ ಕುಸ್ತಿ ಮುಗಿದ ಮ್ಯಾಲೆ ಬಾಯಿ ಬಿಟ್ಟಾನು."

ಕಾಗೆ ತಲೆಗೆ ಬಡಿದರೆ ಜೀವಕ್ಕೆ ಕಂಟಕ ಎಂದು ನಮ್ಮ ಕಡೆ ನಂಬಿಕೆ. ಅದು ಕಳೆಯಬೇಕಾದರೆ ಅವನು ಸತ್ತನೆಂದು ನೆಂಟರಿಗೆ ಸುಳ್ಳುಸುದ್ದಿ ಮುಟ್ಟಿಸುತ್ತಾರೆ. ಅವರು ನಿಜವೆಂದು ನಂಬಿ ಒಂದು ಸಲ ಅತ್ತುಬಿಟ್ಟರೆ ಸಾವು ಬಂದುಹೋದ ಲೆಕ್ಕ. ನಾನು ಸಾಲೆ ಕಲಿಸುವವಳು, ಇಂಥದ್ದನ್ನು ನಂಬುವುದಿಲ್ಲ. ಅವತ್ತು ಮಾತ್ರ ತುಟಿ ಪಿಟಕ್ ಎನ್ನಲಿಲ್ಲ.

"ನಂಗ ಮೊದಲ ಹೇಳಿದ್ರೂ ನಾ ಏನ ಮಾಡ್ತಿದ್ದೆ?" ಎಂದಳು ಚಂದವ್ವ. "ನನ ಮಗ ಸತ್ತ ಅಂತ ಸುಳ್ಳರ ಹೆಂಗ ಹೇಳಿ ಕಳಸಲಿ? ಹೆತ್ತಾಕಿ ಬಾಯಿಲೆ ಬರತೈತೇನು ಆ ಮಾತು? ಆ ಹಾರದ ಸಲುವಾಗಿ ನಾ ಖರೇನ ಅತ್ತೆ, ಕಂಟಕಾ ಕಳೀತು. ಯಾವ ಕೈ ಹಾಕಿತೋ ಆ ಕೈ ತಣ್ಣಗಿರಲಿ."

"ನನ್ನ ಕೈರೀ ಅದು," ಎಂದೆ ನಾನು. ಈ ಸಲ ನಾಲಿಗೆ ತಾನಾಗಿಯೇ ಎದ್ದಿತು. "ಹಾರ ಕೊಟ್ಟಾಕಿ ನಾನ. ಇವ ನನ್ನ ಸಲುವಾಗಿ ಬೈಸಿಕೊಂಡಾನು, ಗುದ್ದು ತಿಂದಾನು. ನಾ ಬಾಯಿ ಮುಚ್ಚಿಕೊಂಡ ನಿಂತಿದ್ದೆ."

ಹೊಗಳುವಾಗ ಒಪ್ಪಿಕೊಳ್ಳುವುದು ಏನು ದೊಡ್ಡ ಮಾತು? ನಾಚಿಕೆಯಿಂದ ನನ್ನ ಮುಖ ಸುಡುತ್ತಿತ್ತು. ಅಮಾತೆಪ್ಪ ಮಾತ್ರ, "ನಂಗೇನ ಗೊತ್ತಿರಲಿಲ್ಲೇನ ಅಕ್ಕಾ? ಬಿಡು," ಎಂದು ಕುರ್ಚಿಯ ಧೂಳು ಝಾಡಿಸಿ ದುರ್ಗಪ್ಪನಿಗೆ ಕೂಡಲು ಕೊಟ್ಟ.

ದುರ್ಗಪ್ಪ ಬಗಲಲ್ಲಿದ್ದ ಕಟ್ಟು ಬಿಚ್ಚಿದ. ಅವತ್ತು ಒಯ್ದ ಅವನದೇ ಕಾರ್ಡುಗಳು, ಒಂದೂ ಹರಿದಿರಲಿಲ್ಲ. ಒಂದನ್ನು ತಿರುಗಿಸಿ ನನ್ನ ಮುಂದೆ ಹಿಡಿದು, ಸಣ್ಣ ದನಿಯಲ್ಲಿ, "ಅಕ್ಕೋರ, ಇದರಾಗ ಏನ ಬರದೀರಿ ಒಂದೀಟು ಓದ್ರಿ. ನಂಗ ಅಕ್ಷರ ಬರೂದಿಲ್ಲ," ಎಂದ. ಆರು ವಾರ ಆ ಮನುಷ್ಯ ತನ್ನ ಬಗ್ಗೆ ಬರೆದದ್ದನ್ನು ಓದಲಾಗದೆ, ಯಾರನ್ನೂ ಕೇಳಲಾಗದೆ, ಮನೆಯಲ್ಲಿ ಇಟ್ಟುಕೊಂಡಿದ್ದ. ನನಗೆ ಸಂಕಟವಾಯಿತು.

ಓದಿದೆ. ಊರು, ತಂದೆಯ ಹೆಸರು, ಗುರುವಿನ ಹೆಸರು, ತೂಕ, ಗೆದ್ದದ್ದು. ಸೋತದ್ದು ನಾಲ್ಕು ಎಂದಾಗ ಅವನು ತಲೆ ಎತ್ತಿದ.

"ಸೋತದ್ದೂ ಬರದೀರೇನು?"

"ಖರೇನ ಬರೀಬೇಕಲ್ರಿ," ಎಂದ ಅಮಾತೆಪ್ಪ. "ಒಂದೊಂದು ಕುಸ್ತಿಗೂ ಮೂರ ಮೂರ ಮಂದೀನ ಕೇಳಿ ಬರಸೇನಿ."

ದುರ್ಗಪ್ಪ ಬೆರಳು ಮಡಿಚಿ ಎಣಿಸಿದ. ಅಂಗಡಿಯ ಮುಂದೆ ಜನ ನೆರೆದಿದ್ದರು. "ಸೋತದ್ದು ಐದ," ಎಂದ ಕೊನೆಗೆ. "ಪಟ್ಟದಕಲ್ಲಾಗ ಒಮ್ಮೆ ಸೋತೇನಿ, ಸಣ್ಣಾವಿದ್ದಾಗ. ನೋಡಾಕ ಹತ್ತ ಮಂದೀನೂ ಇರಲಿಲ್ಲ. ತಿದ್ದ್ರಿ. ಆಮ್ಯಾಲೆ ಮಾರ್ರಿ."

ನಾನು ಅಲ್ಲೇ ಕೂತು ಎಲ್ಲ ಕಾರ್ಡಿನಲ್ಲೂ ನಾಲ್ಕನ್ನು ಐದು ಮಾಡಿದೆ. ಹುಡುಗನೊಬ್ಬ ಸಹಿ ಕೇಳಿದ. ದುರ್ಗಪ್ಪ ಮುಖ ತಗ್ಗಿಸಿದ. ಅಮಾತೆಪ್ಪ ಥಟ್ಟನೆ ಶಾಯಿಯ ಪ್ಯಾಡು ತೆಗೆದು ಮುಂದಿಟ್ಟು, "ಸಹಿ ಯಾರರ ಮಾಡ್ತಾರ. ಈ ಹೆಬ್ಬಟ್ಟು ಮತ್ಯಾರದರ ಐತೇನು?" ಎಂದ. ದುರ್ಗಪ್ಪ ನಕ್ಕ. ಆ ದಪ್ಪ ಹೆಬ್ಬೆರಳು ಒತ್ತಿದರೆ ಕಾರ್ಡಿನ ಕಾಲು ಭಾಗ ನೀಲಿಯಾಗುತ್ತಿತ್ತು. ಮಧ್ಯಾಹ್ನದೊಳಗೆ ಒಂದು ಕಾರ್ಡೂ ಉಳಿಯಲಿಲ್ಲ. ಅಮಾತೆಪ್ಪ ಮತ್ತೆ ಪ್ರತಿ ಮಾಡಿಸಲು ಬಾಗಲಕೋಟೆಗೆ ಓಡಿದ. ನವರಾತ್ರಿಯ ಒಂಬತ್ತೂ ದಿನ ನಮ್ಮ ಕಟ್ಟೆಯ ಮೇಲೆ ಹುಡುಗರ ಸಂತೆ. ಕೆರೂರಿನ ಕಬಡ್ಡಿಯವರು ತಾವಾಗಿಯೇ ಬಂದು ಫೋಟೋಕ್ಕೆ ನಿಂತರು, ಹೆಬ್ಬೆಟ್ಟು ನಾವೂ ಒತ್ತುತ್ತೇವೆ ಎಂದು ಹಟ ಹಿಡಿದರು. ಅವರೆಲ್ಲ ಮೆಟ್ರಿಕ್ ಓದಿದವರು.

ಅಪ್ಪ ಮಾತ್ರ ಸಂಜೆ ಅದೇ ದಾರಿಯಲ್ಲಿ ಹಾದುಹೋಗುತ್ತಿದ್ದ, ಕತ್ತು ತಿರುಗಿಸುತ್ತಿರಲಿಲ್ಲ. ನಾಲ್ಕು ದಿನದ ಗದ್ದಲ ನೋಡಿ ಮಾತು ಬದಲಿಸುವ ಮನುಷ್ಯ ಅವನಲ್ಲ. ಅಂಗಡಿ ನಿಂತಿತು ಎಂದು ಅವನ ಬಾಯಿಂದ ಬರದ ಹೊರತು ಅಮಾತೆಪ್ಪನಿಗೂ ಸಮಾಧಾನವಿರಲಿಲ್ಲ. ರಾತ್ರಿ ಉಣ್ಣುವಾಗ, "ನಾಡದ ಬನ್ನಿ ಅಕ್ಕಾ," ಎಂದಷ್ಟೇ ಅಂದ.

ಬನ್ನಿಯ ಹಿಂದಿನ ದಿನ ಖಂಡೇನವಮಿ. ಅವತ್ತು ಮನೆಮನೆಯಲ್ಲೂ ಕಸುಬಿನ ಸಾಮಾನಿಗೆ ಪೂಜೆ. ನಾವಿಬ್ಬರೂ ಅಪ್ಪನ ಮನೆಗೆ ಹೋದೆವು. ಅಪ್ಪ ಮಗ್ಗ ಒರೆಸಿ, ಮಣೆಯ ಮೇಲೆ ಲಾಳಿ, ಹಣಿಗೆ ತೊಳೆದು ಇಟ್ಟುಕೊಂಡು ಕೂತಿದ್ದ. ಪಕ್ಕದಲ್ಲೇ ಆ ಎರಡನೇ ಕುಣಿ. ಅಮಾತೆಪ್ಪ ಅದನ್ನು ನೋಡಿದ, ನೆಲ ನೋಡಿದ.

"ನಿನ್ನವು ಎಲ್ಲಿ?" ಎಂದ ಅಪ್ಪ.

"ಏನಪ್ಪಾ?"

"ಸಾಮಾನಲೇ. ಆ ಫೋಟೋ ಎದರಿಂದ ಕತ್ತರಸ್ತಿ? ಹಲ್ಲೀಲೇನು? ಕಸಬು ಅಂದಮ್ಯಾಲೆ ಸಾಮಾನ ಇರತೈತಿ. ಹೋಗಿ ತಗೊಂಬಾ, ಪೂಜಿ ಹೊತ್ತಾತು."

ನನ್ನ ತಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಹೋಗಿ ಬಂದದ್ದು ಗೊತ್ತಾಗಲಿಲ್ಲ, ಏದುಸಿರು ಬಿಡುತ್ತ ಕಾರ್ಡು ಕತ್ತರಿಸುವ ಕತ್ತರಿ, ಅಳತೆಪಟ್ಟಿ, ಅಂಟಿನ ಬ್ರಶ್ಶು ತಂದು ಅಪ್ಪನ ಕೈಗೆ ಕೊಟ್ಟ. ಅಪ್ಪ ತನ್ನ ಲಾಳಿಯನ್ನು ಒಂದಿಷ್ಟು ಆಚೆ ಸರಿಸಿ ಜಾಗ ಮಾಡಿದ. ಕತ್ತರಿಯನ್ನು ಅದರ ಪಕ್ಕದಲ್ಲಿಟ್ಟು, ವಿಭೂತಿ ಹಚ್ಚಿ, ಕೈಮುಗಿದ. ಬೆನ್ನಿಗೆ ಗುದ್ದು ಬಿದ್ದಾಗ, ಆರು ವಾರ ಖಾಲಿ ಅಂಗಡಿಯಲ್ಲಿ ಕೂತಾಗ ಒಂದು ಹನಿ ಹಾಕದ ಅಮಾತೆಪ್ಪ ಆ ಮಣೆಯ ಮುಂದೆ ಕೂತು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ.

"ಹಿಂದಕ್ಕ ಸರದು ಅಳಲೇ," ಎಂದ ಅಪ್ಪ. "ಕತ್ತರಿ ತುಕ್ಕ ಹಿಡದೀತು. ನಾಳಿಂದ ಕೆಲಸ ಐತಿ ಅದಕ್ಕ."